ಬೀಳುವ ಕಲ್ಲಿನ ಕಲೆ

ಕಲ್ಲಿನ ಮೇಲೆ ಕಲ್ಲಿಟ್ಟು ನಿಲ್ಲಿಸುವುದು ಕಲೆಯೇ ಎಂದು ಕೇಳುವವರುಂಟು. ಹಂಪಿಯ ಬೆಟ್ಟಗಳಲ್ಲಿ ಯಾತ್ರಿಕರು ತಮಗೊಂದು ಮನೆಯಾಗಲೆಂದು ಬೇಡಿಕೊಂಡು ಸಣ್ಣ ಕಲ್ಲುಗಳನ್ನು ಪೇರಿಸಿ ಬರುತ್ತಾರೆ. ಅದು ಹರಕೆ, ಅದನ್ನು ಕಲೆಯೆಂದು ಯಾರೂ ಕರೆಯುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ 1956ರಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ನೆಲೆಸಿದ ಶಿಲ್ಪಿ ಆ್ಯಂಡಿ ಗೋಲ್ಡ್ಸ್‌ವರ್ದಿಯವರು ಬಯಲಲ್ಲಿ ಸಿಕ್ಕ ಕಲ್ಲು, ಎಲೆ, ಮಂಜುಗಡ್ಡೆಗಳಿಂದಲೇ ಶಿಲ್ಪ ರಚಿಸುತ್ತ ಬಂದವರು. ಜರ್ಮನಿಯ ತೋಮಸ್ ರೀಡೆಲ್ಸ್‌ಹೈಮರ್ ಅವರನ್ನು ಕುರಿತು 2001ರಲ್ಲಿ ಹೊರತಂದ ‘ರಿವರ್ಸ್ ಅಂಡ್ ಟೈಡ್ಸ್’ ಚಿತ್ರವನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರದ ದಾರಿ ತೋರುತ್ತದೆ.

ನಮ್ಮ ಬ್ಯಾಡಗಿಯಲ್ಲಿ ಚಳಿಗಾಲವೆಂದರೆ ಕೆಂಪು ಮೆಣಸಿನಕಾಯಿಯ ಕಾಲ. ನೀರು ಗಡ್ಡೆಕಟ್ಟುವ ಚಳಿಯನ್ನು ನಾವು ಊಹಿಸಿಕೊಳ್ಳಬೇಕಷ್ಟೆ. ಕೆನಡಾದ ನೋವಾ ಸ್ಕೋಶಿಯಾ ಕಡಲಂಚಿನಲ್ಲಿ ಅಂಥ ಚಳಿಯೊಳಗೆ ಈ ಶಿಲ್ಪಿ ಮಂಜುಗಡ್ಡೆಯ ಕಡ್ಡಿಗಳನ್ನು ಮುರಿದು, ತುದಿ ಒದ್ದೆಮಾಡಿ, ಒಂದಕ್ಕೊಂದು ಹಿಡಿದು ಕಾಯುತ್ತಾರೆ. ನೀರೇ ಅಲ್ಲಿ ಗಾರೆ. ಬಂಡೆಯೊಂದನ್ನು ತೂರಿ ಬಂದಂತೆ ಬಳುಕುವ ರೇಖೆಯೊಂದು ಮೂಡುತ್ತದೆ. ಬಿಸಿಲು ಬಿದ್ದೊಡನೆ ಅದು ಬೆಳಗುತ್ತದೆ. ಬೆಳಗಿಸಿದ ಬಿಸಿಲೇ ಅದನ್ನು ಕರಗಿಸಲಿದೆ.

ಮುಂದೆ ಅದೇ ಕಡಲಂಚಿನಲ್ಲಿ, ಭರತ ಬರುವುದರೊಳಗೆ, ಚಪ್ಪಟೆ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದಿಟ್ಟು ಹೊಟ್ಟೆ ಉಬ್ಬಿದ ಗೋಪುರವನ್ನು ಕಟ್ಟಲು ತೊಡಗುತ್ತಾರೆ. ಅದು ಕುಸಿಯುತ್ತದೆ, ಮತ್ತೆ ಕಟ್ಟಿದರೆ ಮತ್ತೆ ಕುಸಿಯುತ್ತದೆ. ಬಿದ್ದಾಗಲೊಮ್ಮೆ ಕಲ್ಲಿನ ಸ್ವಭಾವ ಅವರಿಗೆ ಇನ್ನಷ್ಟು ತಿಳಿಯುತ್ತದೆ. ಚಿತ್ರದ ಪ್ರಾಣವಿರುವುದು ಇಲ್ಲಿಯೇ.

ಗಾರೆಯಿಲ್ಲದೆ ಕಲ್ಲು ನಿಲ್ಲಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹಾವೇರಿಯ ಸಿದ್ಧೇಶ್ವರ, ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಮೊದಲಾದ ಗುಡಿಗಳಲ್ಲಿ ಕಲ್ಲನ್ನು ಹಿಡಿದಿರುವುದು ಕಲ್ಲಿನ ಭಾರವೇ. ಭಾರದ ಅರಿವು ಇಬ್ಬರದೂ ಒಂದೇ, ಉದ್ದೇಶ ಮಾತ್ರ ಬೇರೆ: ನಮ್ಮ ರೂವಾರಿ ಶತಮಾನಗಳ ಬಾಳಿಕೆಗೆ ಕಟ್ಟಿದ, ಗೋಲ್ಡ್ಸ್‌ವರ್ದಿಯವರು ಒಂದು ಭರತದ ಹೊತ್ತಿಗೆ ಕಟ್ಟುತ್ತಾರೆ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರಿನ ನೆರೆಯಲ್ಲಿರುವ ನಮಗೆ ಗುಡಿ ಸ್ಥಾವರ, ಇದು ಜಂಗಮ ಎಂದುಬಿಡುವ ಆಸೆಯಾಗುವುದು ಸಹಜ.

ಆದರೆ ಅಷ್ಟು ಸುಲಭವಾಗಿ ಹಾಗೆನ್ನಲು ನಾನು ಒಪ್ಪಲಾರೆ. ಗೋಲ್ಡ್ಸ್‌ವರ್ದಿಯವರು ತಮ್ಮ ಕೃತಿಗಳ ಛಾಯಾಚಿತ್ರ ತೆಗೆದಿಡುತ್ತಾರೆ. 1994ರ ‘ಸ್ಟೋನ್’ನಂಥ ಅವರ ಪುಸ್ತಕಗಳನ್ನು ತೆರೆದರೆ ಕಾಣುವುದು ಬಹುಮಟ್ಟಿಗೆ ನಿಂತ ಕಲ್ಲೇ; ಬಿದ್ದ ಕಲ್ಲು ಕಾಣದು. ನಶ್ವರವಾದುದು ಹಾಳೆಯ ಮೇಲೆ ಮತ್ತೆ ಸ್ಥಾವರವಾಗುತ್ತದೆ. ಆದ್ದರಿಂದ ಆ ಚೆಲುವಾದ ಪುಸ್ತಕಗಳಿಗಿಂತ ಈ ಚಿತ್ರವೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಮತ. ಸೋಲನ್ನೂ ಕಾಯುವ ಹೊತ್ತನ್ನೂ ಅದು ಮರೆಮಾಚುವುದಿಲ್ಲ.

ಈ ಭೇದ ಇಂದು ಮುಖ್ಯ. ಹೊಳೆಯ ದಂಡೆಯಲ್ಲಿ ನಾಲ್ಕು ಕಲ್ಲು ಪೇರಿಸಿ, ಮೊಬೈಲಿನಲ್ಲಿ ಪಟ ತೆಗೆದು, ಹಾಗೆಯೇ ಬಿಟ್ಟು ಹೋಗುವವರು ಹೆಚ್ಚುತ್ತಿದ್ದಾರೆ. ಕಿತ್ತ ಕಲ್ಲಿನಡಿ ಏಡಿ, ಮೀನುಮರಿಗಳ ಆಸರೆ ಇತ್ತೆಂಬುದು ಅವರ ಗಮನಕ್ಕೆ ಬಾರದು. ಅವರಿಗೆ ಬೇಕಾದದ್ದು ಪಟ, ಕಲ್ಲಿನ ಪರಿಚಯವಲ್ಲ. ಕೆಲಸದ ಹೊತ್ತಿನಲ್ಲಿ ಕಲ್ಲಿನಿಂದ ಕಲಿತದ್ದೇನು ಎಂಬುದೇ ಇಲ್ಲಿ ಕಲೆಯ ಅಳತೆಗೋಲಾಗಬೇಕು. ನಮ್ಮ ಕಾಲೇಜುಗಳಲ್ಲಿ ಈ ಚಿತ್ರವನ್ನು ತೋರಿಸುವುದಾದರೆ, ಗೋಪುರ ಕುಸಿಯುವ ಭಾಗವನ್ನು ಎರಡು ಸಲ ತೋರಿಸಿದರೂ ತಪ್ಪಿಲ್ಲ.