‘ಸಂಸ್ಕಾರ’ದಲ್ಲಿ ಮಹಾಮಾರಿ

ಮಹಾಮಾರಿಯು ಊರನ್ನು ಹೊಕ್ಕಾಗ ಜೀವದೊಡನೆ ಆಚಾರವೂ ಅಳಿಯುವುದೆಂಬ ಮಾತು ಬಹು ಹಳೆಯದು. ಕ್ರಿ. ಪೂ. 430ರಲ್ಲಿ ಅಥೆನ್ಸ್ ನಗರಕ್ಕೆ ಬಂದ ಪಿಡುಗಿನಲ್ಲಿ ತಾನೂ ನರಳಿ ಉಳಿದ ಥುಸಿಡಿಡೀಸನು, ಜನರು ಅನ್ಯರ ಚಿತೆಯ ಮೇಲೆ ತಮ್ಮವರ ಹೆಣವನ್ನಿಟ್ಟು ಹೋಗುತ್ತಿದ್ದುದನ್ನು ಬರೆದಿರುವನು. ನಮ್ಮ ದೇಶದಲ್ಲಿ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಕೆಲವೇ ದಶಕಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ನುಂಗಿತು. ಈ ಪಿಡುಗನ್ನು ಕಥೆಯ ನಡುವೆ ನಿಲ್ಲಿಸಿದ ಕನ್ನಡ ಕೃತಿಗಳಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಮುಖ್ಯವಾದುದು.

ಕಥೆಯನ್ನು ವಾಚಕರು ಬಲ್ಲರು. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪನು ದೂರ್ವಾಸಪುರದಲ್ಲಿ ಸಾಯುತ್ತಾನೆ. ಆಚಾರಭ್ರಷ್ಟನಾದ ಅವನ ಶವಸಂಸ್ಕಾರವನ್ನು ಮಾಡತಕ್ಕವರು ಯಾರು? ಹೆಣವಿರುವ ತನಕ ಅಗ್ರಹಾರದವರು ಉಣ್ಣುವಂತಿಲ್ಲ. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವಿ, ಮಾರುತಿಯ ಪ್ರಸಾದಕ್ಕಾಗಿ ಕಾದು, ಉತ್ತರವಿಲ್ಲದೆ ಬಳಲುತ್ತಾರೆ. ಇತ್ತ ಇಲಿಗಳು ಸತ್ತು ಬೀಳುತ್ತಿವೆ. ಮಾಡಿನ ಮೇಲೆ ಕುಳಿತ ಹದ್ದುಗಳನ್ನು ಬ್ರಾಹ್ಮಣರು ಶಂಖ ಜಾಗಟೆಗಳಿಂದ ಓಡಿಸುತ್ತಾರೆ. ಶಾಸ್ತ್ರವನ್ನು ಬಲ್ಲವರಿಗೆ ಕಣ್ಣೆದುರಿನ ಕುರುಹು ಓದಲು ಬಾರದು. ಈ ವ್ಯಂಗ್ಯವನ್ನು ಲೇಖಕರು ಅತಿಮಾತಿಲ್ಲದೆ ಸಾಧಿಸಿರುವರು.

ವಿಮರ್ಶಕರು ಆಚಾರ್ಯರ ಅಂತರಂಗವನ್ನು ಕುರಿತು ಬಹಳ ಬರೆದಿರುವರು. ನಾವು ನೋಡಬೇಕಾದುದು ಅಗ್ರಹಾರದ ಹೊರಗೆ. ಅಲ್ಲಿಯ ಗುಡಿಸಲುಗಳಲ್ಲಿಯೂ ಅದೇ ದಿನಗಳಲ್ಲಿ ಜನ ಸಾಯುತ್ತಾರೆ. ಸತ್ತವರನ್ನು ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. ಒಂದು ಹೆಣಕ್ಕಾಗಿ ಇಡೀ ಧರ್ಮಶಾಸ್ತ್ರವೇ ನಡುಗುತ್ತಿರುವಾಗ ಈ ಹೆಣಗಳ ವಿಷಯದಲ್ಲಿ ಪ್ರಶ್ನೆಯೇ ಏಳುವುದಿಲ್ಲ. ನಾರಣಪ್ಪನ ದೇಹವನ್ನೂ ಕಡೆಗೆ ಸುಡಿಸಿದವಳು ಚಂದ್ರಿ, ಮುಸಲ್ಮಾನನೊಬ್ಬನ ನೆರವಿನಿಂದ, ರಾತ್ರಿಯ ಕತ್ತಲಲ್ಲಿ. ಕೃತಿಯ ಹೆಸರಿಗೆ ನಿಜವಾದ ಅರ್ಥವು ಇಲ್ಲಿ ದೊರೆಯುವುದೆಂದು ನನಗೆ ತೋರುತ್ತದೆ.

ಆದರೆ ಒಂದು ಕೊರತೆಯನ್ನು ಹೇಳದಿರಲಾಗದು. ಗುಡಿಸಲಿನ ಸಾವಿಗೆ ದೊರೆತುದು ಕೆಲವೇ ಸಾಲುಗಳು. ಆಚಾರ್ಯರ ದುಃಖಕ್ಕೆ ಮಾತಿದೆ, ಗುಡಿಸಲಿನವರ ದುಃಖಕ್ಕೆ ಹೊಗೆ ಮಾತ್ರ ಇದೆ. ಅಗ್ರಹಾರದ ಕುರುಡನ್ನು ತೋರಿಸಹೊರಟ ಕೃತಿಯು ತಾನೂ ಬಹುಮಟ್ಟಿಗೆ ಅಗ್ರಹಾರದ ಜಗುಲಿಯಿಂದಲೇ ನೋಡುತ್ತದೆ. ಇದರಿಂದ ಕೃತಿಯ ಹಿರಿಮೆ ಕುಗ್ಗದು. ನಮ್ಮ ಸಾಹಿತ್ಯದ ಬಾಕಿ ಮಾತ್ರ ಉಳಿಯುತ್ತದೆ.

ಈ ಬಾಕಿಯು ನಮ್ಮ ಸೀಮೆಗೆ ದೂರದ್ದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನದಿಂದಾದ ಭಾರತದ ಮೊದಲ ಮರಣವು ದೃಢಪಟ್ಟುದು ನೆರೆಯ ಕಲಬುರಗಿಯಲ್ಲಿ. ಅನಂತರ ಎಷ್ಟೋ ಮನೆಗಳವರು ತಮ್ಮವರ ಮುಖವನ್ನು ಕಡೆಯ ಸಲ ಕಾಣದೆ ಉಳಿದರು. ಸಂಸ್ಕಾರವಿಲ್ಲದ ಸಾವು ಎಲ್ಲ ಜಾತಿಯವರ ಅನುಭವವಾಯಿತು. ಬೀದರ, ಭಾಲ್ಕಿ, ಔರಾದಗಳ ಊರ ಹೊರಗಣ ಮನೆಗಳಲ್ಲಿ ಆ ದಿನಗಳ ನೆನಪನ್ನು ಹೇಳಬಲ್ಲವರು ಇನ್ನೂ ಇರುವರು. ಅವರ ಬಾಯಿಂದಲೇ ಕೇಳಿ ಬರೆಯುವ ಲೇಖಕನು ‘ಸಂಸ್ಕಾರ’ವು ಎಲ್ಲಿ ನಿಂತಿತೋ ಅಲ್ಲಿಂದ ಮುಂದಕ್ಕೆ ನಡೆದಾನು.