ನೆಪೋಲಿಯನ್ ಸಿನಿಮಾದಲ್ಲಿ ಕಾಣದ ನಮ್ಮ ಬಂದರು

2023ರ ನವೆಂಬರಿನಲ್ಲಿ ರಿಡ್ಲಿ ಸ್ಕಾಟ್ ಅವರ 'ನೆಪೋಲಿಯನ್' ಬಂದಾಗ ಇತಿಹಾಸಕಾರರು ಅದರಲ್ಲಿ ತಪ್ಪು ಹುಡುಕಿದ್ದೇ ಹುಡುಕಿದ್ದು. ರಾಣಿ ಮಾರಿ ಆಂಟೊನೆಟ್‌ಳ ತಲೆ ಕಡಿಯುವಾಗ ನೆಪೋಲಿಯನ್ ಅಲ್ಲಿರಲಿಲ್ಲ, ಪಿರಮಿಡ್ಡಿಗೆ ಅವನು ಫಿರಂಗಿ ಹೊಡೆಸಲೇ ಇಲ್ಲ, ಹೀಗೆ. ನೀವೇನು ಅಲ್ಲಿದ್ರಾ ಎಂಬ ಧಾಟಿಯಲ್ಲಿ ಸ್ಕಾಟ್ ಉತ್ತರ ಕೊಟ್ಟರು. ಪಿರಮಿಡ್ಡಿನ ತಕರಾರು ನನಗೆ ಅಷ್ಟು ದೊಡ್ಡದು ಅನ್ನಿಸುವುದಿಲ್ಲ. ಸಿನಿಮಾ ಅಂದ ಮೇಲೆ ಅಷ್ಟೆಲ್ಲ ಇರ್ತದೆ. ನನ್ನ ತಕರಾರು ಬೇರೆ. ಎರಡೂವರೆ ಗಂಟೆಗೂ ಮಿಕ್ಕಿದ ಈ ಚಿತ್ರದಲ್ಲಿ ಚಕ್ರವರ್ತಿ ಇದ್ದಾನೆ, ಸಾಮ್ರಾಜ್ಯ ಇಲ್ಲ. ಇರುವುದು ಮಲಗುವ ಕೋಣೆ ಮತ್ತು ರಣರಂಗ, ಎರಡೇ.

ಈಜಿಪ್ಟಿನ ಭಾಗವನ್ನೇ ನೋಡಿ. 1798ರಲ್ಲಿ ಅವನು ಅಲ್ಲಿಗೆ ಹೋದದ್ದಕ್ಕೆ ಇದ್ದ ಕಾರಣಗಳಲ್ಲಿ ಒಂದು, ಇಂಗ್ಲಿಷರು ಭಾರತಕ್ಕೆ ಬರುವ ದಾರಿಗೆ ಅಡ್ಡ ಕೂರುವುದು. 1799ರ ಜನವರಿಯ ಕೊನೆಗೆ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಒಂದು ಕಾಗದವನ್ನೂ ಬರೆದ. ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ನಿಮ್ಮನ್ನು ಇಂಗ್ಲಿಷರ ಹಿಡಿತದಿಂದ ಬಿಡಿಸುವ ಆಸೆ ಉಂಟು, ನಂಬಿಕಸ್ಥನೊಬ್ಬನನ್ನು ಮಾತುಕತೆಗೆ ಕಳಿಸಿ ಎಂಬುದು ಅದರ ಸಾರ. ಕಾಗದ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಸಿನಿಮಾದ ನೆಪೋಲಿಯನ್ ಮಾತ್ರ ಹೆಂಡತಿಯ ಸುದ್ದಿ ಕೇಳಿ ಈಜಿಪ್ಟ್ ಬಿಟ್ಟು ಮನೆಗೆ ಓಡುತ್ತಾನೆ. ಕೊನೆಯಲ್ಲಿ ವಾಟರ್‌ಲೂಗೆ ವೆಲ್ಲಿಂಗ್ಟನ್ ಬರುತ್ತಾನಲ್ಲ, ಅವನು ಅದಕ್ಕೆ ಹದಿನಾರು ವರ್ಷ ಮೊದಲು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಊರು ಬಿದ್ದ ಮೇಲೆ ಅದರ ಉಸ್ತುವಾರಿ ನೋಡಿಕೊಂಡವನೂ ಅವನೇ. ಚಿತ್ರ ನೋಡಿದವರಿಗೆ ಇವನು ಆಕಾಶದಿಂದ ಉದುರಿದ ಹಾಗೆ ಕಾಣ್ತಾನೆ.

ಇದೆಲ್ಲ ಮೈಸೂರಿನವರ ಕಥೆ, ನಮಗೆಂತ ಅನ್ನುವ ಮಂಗಳೂರಿಗರಿಗೆ ಒಂದು ಮಾತು. ಫ್ರೆಂಚರು ಮೈಸೂರಿಗೆ ಬರುವ ಬಾಗಿಲು ಇದ್ದದ್ದು ಇಲ್ಲಿ.

1783ರಲ್ಲಿ ಇಂಗ್ಲಿಷರ ವಶದಲ್ಲಿದ್ದ ಮಂಗಳೂರಿನ ಕೋಟೆಗೆ ಟಿಪ್ಪು ಮುತ್ತಿಗೆ ಹಾಕಿದಾಗ ಕೊಸಿನ್ಯಿ ಎಂಬವನ ಕೈಕೆಳಗಿನ ಫ್ರೆಂಚ್ ತುಕಡಿ ಅವನ ಜೊತೆಗಿತ್ತು. ಅಷ್ಟರಲ್ಲಿ ಯುರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ರಾಜಿಯಾದ ಸುದ್ದಿ ಬಂತು. ಫ್ರೆಂಚರು ಇನ್ನು ನಮಗೆ ಯುದ್ಧ ಇಲ್ಲ ಎಂದು ಹಿಂದೆ ಸರಿದರು. ಟಿಪ್ಪು ಒಬ್ಬನೇ ಮುತ್ತಿಗೆ ಮುಂದುವರಿಸಿ 1784ರ ಜನವರಿಯಲ್ಲಿ ಕೋಟೆ ತಗೊಂಡ. ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು. ವರ್ಸೈಯಲ್ಲಿ ಕುಳಿತವರು ಮಾಡಿಕೊಂಡ ರಾಜಿ ಇಲ್ಲಿಯ ಯುದ್ಧದ ಲೆಕ್ಕ ತಪ್ಪಿಸಿತು. ಸಾಮ್ರಾಜ್ಯ ಅಂದರೆ ಇದು.

ಇನ್ನೊಂದು ಕಥೆ 1797ರದ್ದು. ರಿಪೋ ಎಂಬ ಫ್ರೆಂಚ್ ಹಡಗಿನವನು ಹಾಳಾದ ಹಡಗಿನೊಂದಿಗೆ ಮಂಗಳೂರಿಗೆ ಬಂದು ಸೇರಿದ. ಮಾರಿಷಸ್ಸಿನಲ್ಲಿ ನಮ್ಮ ದೊಡ್ಡ ಸೈನ್ಯ ಸಿದ್ಧ ಉಂಟು ಎಂದು ಟಿಪ್ಪುವಿಗೆ ಬಣ್ಣ ಕಟ್ಟಿ ಹೇಳಿದ. ಅದನ್ನು ನಂಬಿ ಟಿಪ್ಪುವಿನ ರಾಯಭಾರಿಗಳು ಇಲ್ಲಿಂದಲೇ ಗುಟ್ಟಾಗಿ ಮಾರಿಷಸ್ಸಿಗೆ ಹೊರಟರು. ಅಲ್ಲಿ ಸೈನ್ಯವೂ ಇಲ್ಲ, ಎಂತದೂ ಇಲ್ಲ. ಗವರ್ನರ್ ಮಲಾರ್ತಿಕ್ 1798ರ ಜನವರಿ 30ಕ್ಕೆ ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದ: ಟಿಪ್ಪು ಸುಲ್ತಾನ ಇಂಗ್ಲಿಷರ ವಿರುದ್ಧ ನಮ್ಮ ಸಹಾಯ ಕೇಳಿದ್ದಾನೆ, ಹೋಗುವವರು ಹೆಸರು ಕೊಡಿ ಅಂತ. ಖಾಸಗಿಯಾಗಿ ಕಳಿಸಿದ ಮೆಸೇಜನ್ನು ತಗೊಂಡು ಗ್ರೂಪಿಗೆ ಹಾಕಿದ ಹಾಗೆ. ಕೊನೆಗೆ 'ಪ್ರೆನ್ಯೂಸ್' ಎಂಬ ಯುದ್ಧನೌಕೆಯಲ್ಲಿ ಬಂದು ಏಪ್ರಿಲ್ 26ಕ್ಕೆ ಮಂಗಳೂರಿನಲ್ಲಿ ಇಳಿದವರು ನೂರು ಜನವೂ ಇಲ್ಲ.

ಆ ಪ್ರಕಟಣೆ ಜೂನ್ ತಿಂಗಳಲ್ಲಿ ಕಲ್ಕತ್ತೆಗೆ ಮುಟ್ಟಿತು. ಆಗಷ್ಟೇ ಬಂದಿದ್ದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ, ಅಂದರೆ ಆರ್ಥರನ ಅಣ್ಣನಿಗೆ, ಬೇಕಾದ ನೆಪ ಸಿಕ್ಕಿತು. ಆಗಸ್ಟ್ 1ಕ್ಕೆ ನೆಲ್ಸನ್ ಈಜಿಪ್ಟಿನ ಅಬುಕಿರ್ ಕೊಲ್ಲಿಯಲ್ಲಿ ಫ್ರೆಂಚ್ ನೌಕಾಪಡೆಯನ್ನು ನಾಶ ಮಾಡಿದ. ಇನ್ನು ಫ್ರೆಂಚರು ಹಡಗು ಹತ್ತಿ ಇತ್ತ ಬರುವ ಸಾಧ್ಯತೆ ಇಲ್ಲದಷ್ಟು ಕಡಿಮೆ. ವೆಲ್ಲೆಸ್ಲಿಗೆ ಅದು ಗೊತ್ತಾಯಿತು, ಟಿಪ್ಪುವಿಗೆ ಕಾಗದ ಬರೆದು ತಿಳಿಸಿದವನೂ ಅವನೇ. ಆದರೂ ಯುದ್ಧ ನಿಲ್ಲಲಿಲ್ಲ. ನೂರಕ್ಕೂ ಕಮ್ಮಿ ಜನ ನಮ್ಮ ಬಂದರಿನಲ್ಲಿ ಇಳಿದದ್ದು ಒಂದು ರಾಜ್ಯ ಮುಳುಗಿಸುವ ನೆಪವಾಯಿತು. ನಾನು ಸಿನಿಮಾ ಮಾಡುವವನಲ್ಲ, ಕೋಡ್ ಬರೆಯುವವನು. ಆದರೆ ಪಿರಮಿಡ್ಡಿಗೆ ಗುಂಡು ಹೊಡೆಸುವುದಕ್ಕಿಂತ ಇದು ಎಷ್ಟೋ ಒಳ್ಳೆಯ ದೃಶ್ಯ ಅಲ್ವಾ?

ಈಗ ನಮ್ಮವರ ವಿಷಯಕ್ಕೆ ಬರುವ. ಈ ಇತಿಹಾಸದ ಮೇಲೆ ಇಲ್ಲಿ ಆಸಕ್ತಿ ಇಲ್ಲ ಅಂತ ಹೇಳಲಿಕ್ಕಾಗುವುದಿಲ್ಲ. ವರ್ಷಕ್ಕೊಮ್ಮೆ ಭಯಂಕರ ಆಸಕ್ತಿ ಬರ್ತದೆ. ಒಂದು ವಾಟ್ಸಾಪ್ ಫಾರ್ವರ್ಡಿನಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸ್ವಾತಂತ್ರ್ಯದ ಮರ ನೆಟ್ಟ ಕ್ರಾಂತಿಕಾರಿ, 'ನಾಗರಿಕ ಟಿಪ್ಪು'. ಇನ್ನೊಂದರಲ್ಲಿ ಪರದೇಶಿಗಳನ್ನು ಕರೆತಂದ ದ್ರೋಹಿ. ಆ ಮರದ ಕಥೆ ಬಂದದ್ದು 1797ರ ಜಾಕೋಬಿನ್ ಕ್ಲಬ್ಬಿನ ಕಾಗದಗಳಿಂದ. ಕೋಟೆ ಬಿದ್ದ ಮೇಲೆ ಸಿಕ್ಕಿದವು ಎಂದು ಅವನ್ನು ಅಚ್ಚು ಹಾಕಿಸಿದವರು ಗೆದ್ದ ಇಂಗ್ಲಿಷರು. ಅವುಗಳ ಬಗ್ಗೆ ಸಂಶಯಪಟ್ಟ ಇತಿಹಾಸಕಾರರೂ ಇದ್ದಾರೆ. ಫಾರ್ವರ್ಡ್ ಮಾಡುವವರಿಗೆ ಈ ತಲೆನೋವು ಯಾಕೆ?

ಆ ಫ್ರೆಂಚ್ 'ಸ್ವಾತಂತ್ರ್ಯ'ದ ಅಳತೆ ಎಷ್ಟು ಎಂದೂ ಯಾರೂ ಕೇಳುವುದಿಲ್ಲ. 1794ರಲ್ಲಿ ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿತು. ಅದನ್ನು ಜಾರಿ ಮಾಡಲಿಕ್ಕೆ 1796ರಲ್ಲಿ ಬಂದ ಅಧಿಕಾರಿಗಳನ್ನು ಮಾರಿಷಸ್ಸಿನ ತೋಟದ ಧಣಿಗಳು ವಾಪಸ್ ಹಡಗು ಹತ್ತಿಸಿ ಓಡಿಸಿದರು. ಅಲ್ಲಿಯ ಗುಲಾಮರಲ್ಲಿ ಭಾರತದಿಂದ ಒಯ್ದವರೂ ಇದ್ದರು. ಟಿಪ್ಪುವಿನ ರಾಯಭಾರಿಗಳು ಸಹಾಯ ಕೇಳಲಿಕ್ಕೆ ಹೋದದ್ದು ಇದೇ ದ್ವೀಪಕ್ಕೆ, ಇದಾಗಿ ಎರಡು ವರ್ಷಕ್ಕೆ. 1802ರಲ್ಲಿ ನೆಪೋಲಿಯನ್ ಗುಲಾಮಗಿರಿಗೆ ಮತ್ತೆ ಕಾನೂನಿನ ಬಲ ಕೊಟ್ಟ. ಸಿನಿಮಾ ಇದರ ಬಗ್ಗೆ ಬಾಯಿಯೇ ಬಿಡುವುದಿಲ್ಲ. ಅದರ ನಾಯಕಿ ಜೋಸೆಫೀನ್ ಹುಟ್ಟಿದ್ದೇ ಮಾರ್ಟಿನೀಕಿನ ಗುಲಾಮರು ದುಡಿಯುವ ಕಬ್ಬಿನ ತೋಟದಲ್ಲಿ!

ಮಂಗಳೂರಿನಲ್ಲಿ ಈ ಚರಿತ್ರೆಯನ್ನು ಒಂದೇ ದನಿಯಲ್ಲಿ ಹೇಳಲಿಕ್ಕೆ ಆಗದಿರುವುದಕ್ಕೆ ಕಾರಣ ಉಂಟು. 1784ರಲ್ಲಿ ಟಿಪ್ಪು ಇಲ್ಲಿಯ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟೋ ಜನ ದಾರಿಯಲ್ಲಿ, ಸೆರೆಯಲ್ಲಿ ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ನೆಪೋಲಿಯನ್ನನ ಕಾಗದ ಮುಟ್ಟಿ, ಸಹಾಯವೂ ಬಂದು, ಶ್ರೀರಂಗಪಟ್ಟಣ ಉಳಿದಿದ್ದರೆ ಅವರ ಗತಿ ಎಂತದು? ಹಾಗಂತ ಅವರನ್ನು ಬಿಡಿಸಲಿಕ್ಕೆಂದು ಇಂಗ್ಲಿಷರು ಯುದ್ಧ ಮಾಡಿದ್ದೂ ಅಲ್ಲ. ಒಬ್ಬರ ಸೋಲು ಇನ್ನೊಬ್ಬರ ಬಿಡುಗಡೆ, ಅದೇ ಹೊತ್ತಿಗೆ ಕೆನರಾಕ್ಕೆಲ್ಲ ಕಂಪೆನಿಯ ಆಡಳಿತ. ಮೂರನ್ನೂ ಒಟ್ಟಿಗೆ ಹೇಳುವ ತಾಳ್ಮೆ ನಮಗಿಲ್ಲ. ಸರಕಾರ 2015ರಲ್ಲಿ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರಕಾರ ರದ್ದು ಮಾಡಿತು. ನಮ್ಮಲ್ಲಿರುವುದು ಎರಡೇ ಬಟನ್: ಮೆರವಣಿಗೆ ಅಥವಾ ಡಿಲೀಟ್.

ಫ್ರಾನ್ಸಿನವರಿಗೂ ಈ ಇಕ್ಕಟ್ಟು ಉಂಟು. 2021ರ ಮೇ 5ಕ್ಕೆ ನೆಪೋಲಿಯನ್ ಸತ್ತು ಇನ್ನೂರು ವರ್ಷ ತುಂಬಿತು. ಅಧ್ಯಕ್ಷ ಮಾಕ್ರೋನ್ ಸಮಾಧಿಗೆ ಹೂವೂ ಇಟ್ಟರು, ಗುಲಾಮಗಿರಿಯನ್ನು ಮರಳಿ ತಂದದ್ದು ತಪ್ಪು ಎಂದೂ ಅದೇ ದಿನ ಹೇಳಿದರು. ಸ್ಮರಣೆ ಬೇರೆ, ಸಂಭ್ರಮ ಬೇರೆ ಎಂಬುದು ಅವರ ವಾದ. ಹೂ ಇಟ್ಟದ್ದು ಅಲ್ಲಿ ಎಲ್ಲರಿಗೂ ಸರಿಕಾಣಲಿಲ್ಲ. ಆದರೂ ಮೂರನೆಯ ಬಟನ್ ಒಂದು ಇರಲಿಕ್ಕೆ ಸಾಧ್ಯ ಅಂತ ತೋರಿಸಿದರಲ್ಲ.

ಸ್ಕಾಟ್ ಸಿನಿಮಾದಿಂದ ಆಸಕ್ತಿ ಹುಟ್ಟಿತಲ್ಲ, ಅಷ್ಟು ಸಾಲದಾ ಎಂದು ಸ್ನೇಹಿತರು ಕೇಳ್ತಾರೆ. ಹುಟ್ಟಿತು, ಒಪ್ಪುವ. ಆದರೆ ಥಿಯೇಟರಿನಿಂದ ಹೊರಗೆ ಬಂದವನಿಗೆ ಮುಂದಿನ ದಾರಿ ಯಾರು ತೋರಿಸಬೇಕು? ಇದು ನನ್ನ ಊರಿನ ಕಥೆಯೂ ಹೌದು ಎಂದು ಗೊತ್ತಾದರೆ ಆಸಕ್ತಿ ಎರಡು ದಿನ ಹೆಚ್ಚು ಬದುಕ್ತದೆ. ನಮ್ಮ ಹೈಸ್ಕೂಲಿನ ಪಾಠದಲ್ಲಿ ಫ್ರಾನ್ಸಿನ ಕ್ರಾಂತಿ ಒಂದು ಕಡೆ, ಮೈಸೂರು ಯುದ್ಧಗಳು ಇನ್ನೊಂದು ಕಡೆ, ನಡುವೆ ಸೇತುವೆಯೇ ಇರಲಿಲ್ಲ. ಮಾಹೆ ಅಂದರೆ ಇಲ್ಲಿಯವರಿಗೆ ಈಗಲೂ ಅಗ್ಗದ ಬಾಟ್ಲಿ. 1954ರವರೆಗೆ ಅದು ಫ್ರೆಂಚರ ಕೈಯಲ್ಲಿತ್ತು ಎಂಬುದು ರೈಲಿನಲ್ಲಿ ಅದೇ ದಾರಿಯಲ್ಲಿ ಹೋಗುವ ಎಷ್ಟು ಜನರಿಗೆ ನೆನಪಿರ್ತದೆ?

ಬೋಳೂರಿನ ಸುಲ್ತಾನ್ ಬತ್ತೇರಿಗೆ ಸಂಜೆ ಜನ ಬರ್ತಾರೆ, ಮೆಟ್ಟಿಲು ಹತ್ತಿ ನದಿಯ ಫೋಟೊ ತೆಗೀತಾರೆ, ದೋಣಿ ಹತ್ತಿ ತಣ್ಣೀರುಬಾವಿಗೆ ಹೋಗ್ತಾರೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಟೀಚರುಗಳು ಟಿಪ್ಪು ಕಟ್ಟಿಸಿದ ಕಾವಲು ಗೋಪುರ ಎಂದು ಹೇಳಿ ಮುಗಿಸದೆ, 1798ರ ಏಪ್ರಿಲ್ 26ರ ಹಡಗಿನ ಕಥೆ ಹೇಳಲಿ. ಆ ಹಡಗು ಯಾವ ದ್ವೀಪದಿಂದ ಬಂತು, ಅಲ್ಲಿ ಗುಲಾಮರಾಗಿದ್ದವರು ಯಾರು, ಆ ದಿನ ಶ್ರೀರಂಗಪಟ್ಟಣದ ಸೆರೆಯಲ್ಲಿ ನಮ್ಮ ಊರಿನವರು ಯಾರೆಲ್ಲ ಇದ್ದರು ಎಂದೂ ಹೇಳಲಿ. ಜಯಕಾರ ಹಾಕುವುದೋ ಧಿಕ್ಕಾರ ಹಾಕುವುದೋ ಮಕ್ಕಳು ಆಮೇಲೆ ನೋಡಿಕೊಳ್ತಾರೆ.