ಶಕ್ತಿಗೆಂದು ಕೊಡುವ ಮಾತ್ರೆ

ಮಲೆನಾಡಿನ ಸಂಸೆಯ ಕಡೆ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ನೋಡಲು ಬರುವವರು ಬರಿಗೈಲಿ ಬರುವುದಿಲ್ಲ. ಹಿಂದೆ ಕಿತ್ತಳೆ, ಬ್ರೆಡ್ಡು, ಹಾರ್ಲಿಕ್ಸ್ ತರುತ್ತಿದ್ದರು. ಈಗ ಜೊತೆಗೆ ಡಬ್ಬಿಗಳೂ ಬರುತ್ತವೆ. ಬೆಂಗಳೂರಿನ ಮಗ ಕಳಿಸಿದ ಮಲ್ಟಿವಿಟಮಿನ್, ಕಳಸದ ಮೆಡಿಕಲ್ಲಿನಲ್ಲಿ ಚೀಟಿಯಿಲ್ಲದೆ ಕೊಂಡ ವಿಟಮಿನ್ ಸಿ, ನೆಂಟರೊಬ್ಬರು ಏಜೆಂಟಾಗಿರುವ ಕಂಪನಿಯ ದುಬಾರಿ ಪುಡಿ, ನೋನಿ ರಸ. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಕಿಮೋ ಮುಗಿಸಿ, ಕುದುರೆಮುಖದ ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡು ಮನೆ ಸೇರಿದವರ ತಲೆದಿಂಬಿನ ಪಕ್ಕ ಇವನ್ನೆಲ್ಲ ಸಾಲಾಗಿ ಇಡುತ್ತಾರೆ. "ಒಂದು ಶಕ್ತಿಗೆ ಇರಲಿ" ಎನ್ನುತ್ತಾರೆ. ಕೊಡುವವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ರೂಢಿಯನ್ನು ಅದರ ಫಲದಿಂದ ಅಳೆದರೆ, ಅದು ಈಗ ನಡೆಯುತ್ತಿರುವ ರೀತಿಯಲ್ಲಿ ಮುಂದುವರಿಯಬಾರದು.

"ಉಪಯೋಗ ಆಗದಿದ್ದರೂ ತೊಂದರೆಯಂತೂ ಇಲ್ಲವಲ್ಲ" ಎಂಬ ನಂಬಿಕೆಯ ಮೇಲೆ ಇದೆಲ್ಲ ನಿಂತಿದೆ. ಕ್ಯಾನ್ಸರ್ ಔಷಧಿಯ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು ಬಂದದ್ದು ಇದೇ ನಂಬಿಕೆ ಸುಳ್ಳಾದಾಗ. 1930ರ ಆಸುಪಾಸಿನಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಯಲ್ಲಿ ಬಸುರಿಯರ ರಕ್ತಹೀನತೆಗೆ ಕಾರಣ ಹುಡುಕುತ್ತಿದ್ದಾಗ, ಯೀಸ್ಟಿನಲ್ಲಿರುವ ಯಾವುದೋ ಒಂದು ಅಂಶ ಅದನ್ನು ಗುಣಪಡಿಸುತ್ತದೆ ಎಂದು ಕಂಡುಕೊಂಡರು. ಅದೇ ಮುಂದೆ ಫೋಲಿಕ್ ಆಮ್ಲ ಎನಿಸಿಕೊಂಡಿತು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಮದ್ರಾಸಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿತು. ರಕ್ತ ಕೂಡಿಸುವ ವಿಟಮಿನ್ ರಕ್ತದ ಕ್ಯಾನ್ಸರಿಗೂ ಒಳ್ಳೆಯದಾದೀತೆಂದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಲ್ಯುಕೇಮಿಯಾದ ಮಕ್ಕಳಿಗೆ ಕೊಟ್ಟರು. ರೋಗ ಇನ್ನಷ್ಟು ಬಿರುಸಾಯಿತು. ಆ ಪೆಟ್ಟಿನಿಂದ ಪಾಠ ಕಲಿತ ಫಾರ್ಬರ್, ಫೋಲಿಕ್ ಆಮ್ಲದ ಕೆಲಸವನ್ನೇ ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ಸುಬ್ಬರಾವ್ ಅವರ ತಂಡದಿಂದಲೇ ಪಡೆದು 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡದ್ದನ್ನು 1948ರಲ್ಲಿ ವರದಿ ಮಾಡಿದರು. ಅದರ ಬಳಗದ್ದೇ ಆದ ಮೆಥೊಟ್ರೆಕ್ಸೇಟ್ ಇವತ್ತಿಗೂ ಕ್ಯಾನ್ಸರ್ ವಾರ್ಡುಗಳಲ್ಲಿದೆ.

ಎಂಬತ್ತು ವರ್ಷದ ಹತ್ತಿರದ ಈ ಕಥೆ ಸಂಸೆಯ ಮನೆಗೆ ಏಕೆ ಬೇಕು? ಕ್ಯಾನ್ಸರ್ ಜೀವಕೋಶಕ್ಕೂ ವಿಟಮಿನ್ ಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ. ಕರುಳಿನ, ಸ್ತನದ ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಬಿನ್ ಎಂಬುದು ಮನೆಯಲ್ಲೇ ನುಂಗುವ ಮಾತ್ರೆ. ಅದರ ಜೊತೆ ಫೋಲಿಕ್ ಆಮ್ಲ ಸೇರಿದರೆ ಭೇದಿ, ಬಾಯಿಹುಣ್ಣಿನಂಥ ಅಡ್ಡ ಪರಿಣಾಮ ಹೆಚ್ಚುತ್ತದೆ. ಮಲ್ಟಿವಿಟಮಿನ್ ಡಬ್ಬಿಗಳಲ್ಲಿ ಫೋಲಿಕ್ ಆಮ್ಲ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಭೇದಿಯಿಂದ ಸೋತವರಿಗೆ ಶಕ್ತಿ ಬರಲೆಂದು ಮನೆಯವರು ಮತ್ತೊಂದು ಮಾತ್ರೆ ಕೊಟ್ಟರೆ ಏನಾಗುತ್ತದೆಂದು ಯೋಚಿಸಿ.

ವಿಟಮಿನ್ ಸಿ ಬಗೆಗಿನ ಭರವಸೆಗೆ ನೊಬೆಲ್ ಪ್ರಶಸ್ತಿಯ ಬಲವಿತ್ತು. ಎರಡು ಬಾರಿ ಆ ಪ್ರಶಸ್ತಿ ಪಡೆದ ಲೈನಸ್ ಪಾಲಿಂಗ್, ಸ್ಕಾಟ್ಲೆಂಡಿನ ವೈದ್ಯ ಯುವಾನ್ ಕ್ಯಾಮರಾನ್ ಜೊತೆ ಸೇರಿ 1976ರಲ್ಲಿ, ದೊಡ್ಡ ಪ್ರಮಾಣದ ವಿಟಮಿನ್ ಸಿ ಪಡೆದ ರೋಗಿಗಳು ಹೆಚ್ಚು ಕಾಲ ಬದುಕಿದರು ಎಂದು ಬರೆದರು. ಅದರಲ್ಲಿ ಸರಿಯಾದ ಹೋಲಿಕೆ ಇರಲಿಲ್ಲ. ಹಳೆಯ ಕಡತಗಳಿಂದ ಆರಿಸಿದ ರೋಗಿಗಳ ಜೊತೆ ತಾಳೆ ನೋಡಿದ್ದರು. ಅಮೆರಿಕದ ಮೇಯೊ ಕ್ಲಿನಿಕ್ ದಿನಕ್ಕೆ 10 ಗ್ರಾಂ ಮಾತ್ರೆಯನ್ನೂ ಖಾಲಿ ಮಾತ್ರೆಯನ್ನೂ ಎರಡು ಗುಂಪಿಗೆ ಕೊಟ್ಟು ಪರೀಕ್ಷಿಸಿತು. 1979ರಲ್ಲೂ 1985ರಲ್ಲೂ ಪ್ರಯೋಜನ ಕಾಣಲಿಲ್ಲ. ನಮ್ಮ ದೇಶದ ಶಿಫಾರಸಿನಂತೆ ಗಂಡಸಿಗೆ ದಿನಕ್ಕೆ ಬೇಕಾಗುವುದು ಸುಮಾರು 80 ಮಿ.ಗ್ರಾಂ. ಹಿತ್ತಲಿನ ಒಂದು ಪೇರಳೆ ಹಣ್ಣಿನಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ.

ಮಲೆನಾಡಿನವರು ಇನ್ನೂ ಗಂಭೀರವಾಗಿ ಓದಬೇಕಾದ ಪರೀಕ್ಷೆ ಕೆನಡಾದ ಕ್ವಿಬೆಕ್‌ನದು. ಅಡಿಕೆ, ಹೊಗೆಸೊಪ್ಪು ಜಗಿಯುವ ನಮ್ಮಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಅಪರೂಪವಲ್ಲ; ಅದಕ್ಕೆ ವಿಕಿರಣ ಚಿಕಿತ್ಸೆ, ಅಂದರೆ ನಮ್ಮವರು ಹೇಳುವ "ಕರೆಂಟ್", ಕೊಡುತ್ತಾರೆ. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿಗೆ ಹೀಗೆ ವಿಕಿರಣ ಪಡೆಯುತ್ತಿದ್ದ 540 ಜನರನ್ನು ಅಲ್ಲಿ ಎರಡು ಗುಂಪು ಮಾಡಿ ಒಂದಕ್ಕೆ ವಿಟಮಿನ್ ಇ ಕೊಟ್ಟರು, ಮೊದಮೊದಲು ಬೀಟಾ ಕ್ಯಾರೋಟಿನ್ ಕೂಡ. ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಆ ಗುಂಪಿನಲ್ಲೇ ಹೊಸ ಕ್ಯಾನ್ಸರುಗಳು ಹೆಚ್ಚು ಕಂಡವು. ಮುಂದೆ ಸಾವೂ ಹೆಚ್ಚಾಯಿತು. ಇದಕ್ಕೆ ಮುಂಚೆ, 1994ರಲ್ಲಿ, ಫಿನ್ಲೆಂಡಿನ 29,133 ಧೂಮಪಾನಿ ಗಂಡಸರ ಪರೀಕ್ಷೆಯಲ್ಲಿ ಬೀಟಾ ಕ್ಯಾರೋಟಿನ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ ಬಂದಿತ್ತು. ಕ್ಯಾರೆಟ್ಟನ್ನು ಯಾರೂ ದೂರಬೇಕಾಗಿಲ್ಲ. ತರಕಾರಿಯಿಂದ ಒಂದು ಅಂಶವನ್ನಷ್ಟೇ ಬೇರ್ಪಡಿಸಿ ಹತ್ತಾರು ಪಟ್ಟು ಹೆಚ್ಚು ಕೊಡುವಾಗ ಅದು ಔಷಧಿಯಾಗುತ್ತದೆ. ಔಷಧಿಯ ಎಚ್ಚರಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ.

ಸಂಸೆಯ ಚಹಾ ತೋಟಗಳ ನಡುವೆ ಇರುವವರಿಗೆ ಇನ್ನೊಂದು ಉದಾಹರಣೆ ಹತ್ತಿರದ್ದು. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೆ ಕೊಡುವ ಬೋರ್ಟಿಜೋಮಿಬ್ ಔಷಧಿಯನ್ನು ಹಸಿರು ಚಹಾದ ಸತ್ವ ಕಟ್ಟಿಹಾಕುತ್ತದೆ ಎಂದು 2009ರಲ್ಲಿ ಪ್ರಯೋಗಾಲಯದಲ್ಲಿ ಕಂಡಿತು. ವಿಟಮಿನ್ ಸಿ ಕೂಡ ಹಾಗೆಯೇ. ದುಬಾರಿ ಇಂಜೆಕ್ಷನ್ನಿಗೆ ಸಾಲ ಮಾಡಿದ ಮನೆಯವರೇ, ತಿಳಿಯದೆ, ಅದರ ಕೆಲಸ ಕೆಡಿಸುವ ಕ್ಯಾಪ್ಸೂಲಿಗೂ ದುಡ್ಡು ಕೊಡುತ್ತಿರಬಹುದು.

ಹಾಗೆಂದು ಎಲ್ಲ ಡಬ್ಬಿಯನ್ನೂ ಎಸೆಯಿರಿ ಎನ್ನುವುದೂ ತಪ್ಪು. ಶ್ವಾಸಕೋಶದ ಕ್ಯಾನ್ಸರಿನ ಪೆಮೆಟ್ರೆಕ್ಸೆಡ್ ಕೊಡುವ ಮುಂಚೆಯೇ ಫೋಲಿಕ್ ಆಮ್ಲದ ಮಾತ್ರೆ ಮತ್ತು ಬಿ12 ಇಂಜೆಕ್ಷನ್ ಶುರು ಮಾಡಲೇಬೇಕು. ಇಲ್ಲದಿದ್ದರೆ ಔಷಧಿಯ ವಿಷ ತಡೆಯಲಾಗದು. ಜಠರವನ್ನು ಪೂರ್ತಿ ತೆಗೆದವರಿಗೆ ಜೀವನಪೂರ್ತಿ ಬಿ12 ಬೇಕು. ಸ್ತನದ ಕ್ಯಾನ್ಸರಿಗೆ ಲೆಟ್ರೋಜೋಲ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರ ಮೂಳೆ ಸವೆಯುವುದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಾರೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಬೇಕೇ ಬೇಕು. ಆದರೆ ನಮ್ಮ ಕಾಫಿ ಮನೆಗಳಲ್ಲಿ ಆ ಮಾತ್ರೆಯನ್ನು ತಿಂಡಿಯ ಹಿಂದೆ ಕಾಫಿ ಜೊತೆ ನುಂಗುತ್ತಾರೆ. ಕಾಫಿ, ಚಹಾ ಎರಡೂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆಗೂ ಕಾಫಿಗೂ ನಡುವೆ ಒಂದೆರಡು ಗಂಟೆ ಬಿಡಬೇಕೆಂದು ಚೀಟಿಯಲ್ಲಿ ಒಂದು ಸಾಲು ಬರೆದರೆ ಎಷ್ಟೋ ಉಪಕಾರ.

ಶಕ್ತಿ ಎಂದು ನಾವು ಹುಡುಕುವುದು ಹೆಚ್ಚಾಗಿ ಊಟದ ಪ್ರಶ್ನೆ. ಬಾಯಿ ಹುಣ್ಣಾದವರಿಗೆ ಬರೀ ಗಂಜಿ ನೀರು ಕೊಟ್ಟು ಪಕ್ಕದಲ್ಲಿ ವಿಟಮಿನ್ ಇಟ್ಟರೆ ಮೈ ಇಳಿಯುವುದು ನಿಲ್ಲುವುದಿಲ್ಲ. ಕ್ಯಾನ್ಸರ್ ರೋಗಿಗೆ ತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಕೊರತೆ ಇಲ್ಲದಿದ್ದರೆ ಹೆಚ್ಚಿನ ಪ್ರಮಾಣದ ವಿಟಮಿನ್ ಬೇಡ ಎನ್ನುವುದೂ ಅದೇ. ಐವತ್ತು ಕಿಲೋ ತೂಗುವವರಿಗೆ ದಿನಕ್ಕೆ 50 ಗ್ರಾಂ ಕಡಿಮೆಯೆಂದರೂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಮೊಟ್ಟೆ, ಮೆತ್ತಗೆ ಬೇಯಿಸಿದ ಮೀನು, ತೊವ್ವೆ, ಹುರುಳಿ ಕಟ್ಟು, ಗಟ್ಟಿ ಮೊಸರು ಇವೆಲ್ಲ ನಮ್ಮ ಅಡಿಗೆಮನೆಯಲ್ಲೇ ಇವೆ.

ಮಾರುವವರ ಬಗ್ಗೆ ಕಾನೂನು ಸುಮ್ಮನೆ ಕೂತಿಲ್ಲ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಪೂರಕ ಆಹಾರದ ಡಬ್ಬಿಯ ಮೇಲೆ ಔಷಧಿಯಾಗಿ ಬಳಸಲು ಅಲ್ಲ ಎಂದು ಅಚ್ಚಾಗಿರಬೇಕು. ಆದರೆ ಜಗಲಿಯಲ್ಲಿ ಕೂತು ಬಾಯಲ್ಲಿ ಹೇಳುವ ಭರವಸೆಯನ್ನು ಯಾವ ಇನ್ಸ್‌ಪೆಕ್ಟರೂ ಹಿಡಿಯಲಾರ.

ನನ್ನ ಹೆಚ್ಚಿನ ಆಕ್ಷೇಪ ವೈದ್ಯರ ಮೇಲಿದೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ "ಬೇರೆ ಏನೇನು ತಗೊಳ್ತಿದ್ದೀರಿ?" ಎಂಬ ಪ್ರಶ್ನೆ ಬರುವುದೇ ಕಮ್ಮಿ. ಬಂದರೂ ಗದರಿಸುವ ದನಿಯಲ್ಲಿ ಬರುತ್ತದೆ. ಹಾಗಾಗಿ ರೋಗಿಗಳು ಮುಚ್ಚಿಡುತ್ತಾರೆ. ಡಬ್ಬಿಯನ್ನೂ, ಸಾಗರದ ಹತ್ತಿರದ ನರಸೀಪುರದ ನಾಟಿ ವೈದ್ಯರಿಂದ ತಂದ ತೊಗಟೆಯನ್ನೂ. ಬೈಗುಳದ ಭಯವಿಲ್ಲದೆ ಹೇಳುವಂತಾದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ.

ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ಎಲ್ಲ ಡಬ್ಬಿ, ಬಾಟಲಿ, ಪೊಟ್ಟಣಗಳನ್ನು ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ. ಯಾವುದು ಇರಲಿ, ಯಾವುದು ಬೇಡ ಎಂದು ಅವರೇ ಬರೆದುಕೊಡಲಿ. ನೋಡಲು ಹೋಗುವವರು ಮೊದಲು ಕೇಳಿ ತನ್ನಿ. ಕೇಳಲು ಸಂಕೋಚವಾದರೆ ಒಂದು ಟ್ರೇ ಮೊಟ್ಟೆ ಕೊಡಿ, ಇಲ್ಲವೇ ಮಂಗಳೂರಿಗೆ ಹೋಗಿಬರುವ ವಾಹನದ ಖರ್ಚಿಗೆ ಕೈಲಾದಷ್ಟು ದುಡ್ಡು ಕೊಡಿ.